ಕೊಂಬಿನ ಯೋಧನ ಜೋಳವಾಳಿ

ಕಳೆದ ಮಳೆಗಾಲದ ಒಂದು ಭಾನುವಾರ, ನಮ್ಮ ಬಳಗದ ತಿಂಗಳ ಓದುಕೂಟಕ್ಕೆ ಸದಸ್ಯರೊಬ್ಬರು ತಮ್ಮ ಹತ್ತು ವರ್ಷದ ಮೊಮ್ಮಗಳನ್ನು ಕರೆತಂದಿದ್ದರು. ನಾವು ಅಂದು ಓದುತ್ತಿದ್ದುದು ರನ್ನನ ಗದಾಯುದ್ಧ. ಹಳಗನ್ನಡದ ನಡುವೆ ಬೇಸರಪಟ್ಟ ಆ ಹುಡುಗಿ ಮೂಲೆಯಲ್ಲಿ ಕುಳಿತು ತನ್ನ ಪಾಡಿಗೆ ಒಂದು ಜಪಾನೀ ಚಿತ್ರಕಥೆಯನ್ನು ಓದಿಕೊಳ್ಳುತ್ತಿದ್ದಳು. ಚಹಾದ ಹೊತ್ತಿಗೆ ಅವಳು ಪುಸ್ತಕವನ್ನು ಎತ್ತಿ ಹಿಡಿದು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಮೂಲ. ಪುಟದಲ್ಲಿ ಎರಡು ದೊಡ್ಡ ಕೊಂಬುಗಳ ಒಂದು ದೈತ್ಯ ರೋಬೋ ಇತ್ತು. ಅದರ ಮುಂದೆ ಬೆರಳುದ್ದದ ಒಬ್ಬ ಹುಡುಗಿ ನಿಂತಿದ್ದಳು. “ಅಜ್ಜ, ಇವನು ಕೆಟ್ಟವನು ತಾನೆ? ಹಾಗಾದರೆ ಅವಳಿಗೆ ಯಾಕೆ ಏನೂ ಮಾಡಲಿಲ್ಲ?”

ಅಜ್ಜ ಸೇನೆಯಿಂದ ನಿವೃತ್ತರಾದವರು. ಸ್ವಲ್ಪ ಹೊತ್ತು ಆ ಚಿತ್ರವನ್ನು ನೋಡಿ, “ಅವಳನ್ನು ಕೊಲ್ಲು ಅಂತ ಅವನಿಗೆ ಆರ್ಡರ್ ಇರಲಿಲ್ಲ ಮಗಾ” ಎಂದರು. ಹುಡುಗಿಗೆ ಆ ಉತ್ತರ ಸಾಕಾಯಿತು. ನಮಗೆ ಸಾಕಾಗಲಿಲ್ಲ. ಅಲ್ಲಿಂದ ಮುಂದೆ ಕೆಲವು ತಿಂಗಳು ನಾವು ಆ ಕೊಂಬಿನ ಯೋಧನ ಬೆನ್ನು ಹತ್ತಿದೆವು.

ಅವನ ಹೆಸರು ಪ್ಲೂಟೊ. ಅವನನ್ನು ಸೃಷ್ಟಿಸಿದವರು ಟೆಝುಕಾ ಒಸಾಮು. 1928ರಲ್ಲಿ ಒಸಾಕಾ ಪ್ರಾಂತ್ಯದಲ್ಲಿ ಹುಟ್ಟಿ, ವೈದ್ಯಕೀಯ ಓದಿ, ವೈದ್ಯವೃತ್ತಿಯನ್ನು ಬಿಟ್ಟು ಚಿತ್ರಕಥೆಗೆ ಬಾಳನ್ನೇ ಕೊಟ್ಟು 1989ರಲ್ಲಿ ತೀರಿಕೊಂಡವರು. ನಮ್ಮಲ್ಲಿ ಕೆಲವರು ಅವರನ್ನು ಬುದ್ಧನ ಜೀವನವನ್ನು ಹಲವು ಸಂಪುಟಗಳಲ್ಲಿ ಚಿತ್ರಿಸಿದವರೆಂದಷ್ಟೇ ಬಲ್ಲರು. ಜಪಾನಿನಲ್ಲಿ ಅವರು ಮನೆಮಾತಾದುದು ಅತೊಮು ಎಂಬ ಪುಟ್ಟ ಯಂತ್ರಬಾಲಕನಿಂದ. 1951ರಲ್ಲಿ ಒಂದು ಕಥೆಯ ಉಪಪಾತ್ರವಾಗಿ ಬಂದ ಅತೊಮು 1952ರಿಂದ 1968ರವರೆಗೆ ‘ಶೋನೆನ್’ ಎಂಬ ಬಾಲಕರ ಮಾಸಪತ್ರಿಕೆಯಲ್ಲಿ ನಾಯಕನಾಗಿ ಮೆರೆದ. 1963ರ ಹೊಸ ವರ್ಷದ ದಿನ ದೂರದರ್ಶನಕ್ಕೂ ಬಂದ. ಮಗನನ್ನು ವಾಹನ ಅಪಘಾತದಲ್ಲಿ ಕಳೆದುಕೊಂಡ ತೆನ್ಮಾ ಎಂಬ ವಿಜ್ಞಾನಿ ಅವನ ರೂಪದಲ್ಲೇ ಒಂದು ಯಂತ್ರವನ್ನು ನಿರ್ಮಿಸುತ್ತಾನೆ. ಆದರೆ ಯಂತ್ರ ಬೆಳೆಯುವುದಿಲ್ಲವೆಂದು ಸಿಟ್ಟಾಗಿ ಅದನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಅಲ್ಲಿಂದ ಅವನನ್ನು ಬಿಡಿಸಿ ತಂದು ಪೊರೆಯುವವರು ಒಚನೊಮಿಝು ಎಂಬ ದೊಡ್ಡ ಮೂಗಿನ ಪ್ರೊಫೆಸರರು. ಹೆತ್ತವನೊಬ್ಬ, ಪೊರೆದವನೊಬ್ಬ. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅತೊಮುವಿನ ಕಥೆಗಳಲ್ಲೆಲ್ಲ ಬಹುಶಃ ಅತ್ಯಂತ ಜನಪ್ರಿಯವಾದುದು 1964ರ ಜೂನ್‌ನಿಂದ 1965ರ ಜನವರಿಯವರೆಗೆ ಧಾರಾವಾಹಿಯಾಗಿ ಬಂದ ‘ಭೂಮಿಯ ಮೇಲಿನ ಅತಿ ಬಲಿಷ್ಠ ರೋಬೋ’. ತನ್ನ ದೇಶದಿಂದ ಗಡೀಪಾರಾದ ಒಬ್ಬ ಸುಲ್ತಾನ, ತಾನು ರಾಜನಾಗದಿದ್ದರೇನು, ಜಗತ್ತಿನ ರೋಬೋಗಳ ರಾಜನಿಗೆ ಒಡೆಯನಾಗುತ್ತೇನೆಂದು ಹಟ ತೊಡುತ್ತಾನೆ. ಅಬುಲ್ಲಾ ಎಂಬ ವಿಜ್ಞಾನಿಯಿಂದ ಹತ್ತು ಲಕ್ಷ ಅಶ್ವಶಕ್ತಿಯ ಪ್ಲೂಟೊವನ್ನು ಮಾಡಿಸುತ್ತಾನೆ. ಆಗ ಅತೊಮುವಿನ ಶಕ್ತಿ ಬರಿಯ ಒಂದು ಲಕ್ಷ. ಪ್ಲೂಟೊವಿನ ಕೈಗೆ ಒಂದು ಪಟ್ಟಿಯನ್ನು ಕೊಡಲಾಗುತ್ತದೆ: ಸ್ವಿಟ್ಜರ್ಲೆಂಡಿನ ಮಾಂಟ್ ಬ್ಲಾಂಕ್, ಸ್ಕಾಟ್ಲೆಂಡಿನ ನಾರ್ತ್ ನಂಬರ್ 2, ಟರ್ಕಿಯ ಬ್ರಾಂಡೊ, ಜರ್ಮನಿಯ ಗೆಸಿಖ್ಟ್, ಗ್ರೀಸಿನ ಹರ್ಕ್ಯುಲಿಸ್, ಆಸ್ಟ್ರೇಲಿಯದ ಎಪ್ಸಿಲಾನ್, ಜಪಾನಿನ ಅತೊಮು. ಏಳೂ ಜನರನ್ನು ಮುರಿದು ಹಾಕಿ ಬಾ ಎಂಬುದು ಆಜ್ಞೆ.

ಮಕ್ಕಳ ಪತ್ರಿಕೆಯ ಖಳನೊಬ್ಬನಿಗೆ ಇಷ್ಟು ಸಾಕಿತ್ತು. ಆದರೆ ಟೆಝುಕಾ ಅವನಿಗೆ ಇನ್ನೊಂದನ್ನು ಕೊಟ್ಟರು: ಒಂದು ಧರ್ಮ. ಪ್ಲೂಟೊ ಪಟ್ಟಿಯಲ್ಲಿಲ್ಲದವರ ಮೇಲೆ ಕೈಯೆತ್ತುವುದಿಲ್ಲ. ಅತೊಮುವಿನ ತಂಗಿ ಉರಾನ್, ಅಣ್ಣ ಸಾಯಬಾರದೆಂದು, ತಾನೇ ಅಣ್ಣನ ವೇಷ ತೊಟ್ಟು ಅವನೆದುರು ನಿಲ್ಲುತ್ತಾಳೆ. ಗುಟ್ಟು ರಟ್ಟಾದಾಗ ಅವನು ಅವಳನ್ನು ಒತ್ತೆಯಾಗಿ ಇರಿಸಿಕೊಳ್ಳುತ್ತಾನೆಯೇ ಹೊರತು ನೋಯಿಸುವುದಿಲ್ಲ. ಉರಾನ್ ಅವನೊಡನೆ ಮಾತಿಗಿಳಿಯುತ್ತಾಳೆ, ಜಗಳವಾಡುತ್ತಾಳೆ, ಕೊನೆಗೆ ಅವನನ್ನು ಇಷ್ಟಪಡುತ್ತಾಳೆ. ಕಾದುವುದಕ್ಕೆಂದೇ ತನ್ನನ್ನು ಮಾಡಿದ್ದಾರೆ ಎಂಬುದಕ್ಕಿಂತ ಹೆಚ್ಚಿನ ಸಮರ್ಥನೆ ಅವನ ಬಳಿ ಇಲ್ಲ. ಅವನ ಮುಖದಲ್ಲಿ ಕ್ರೌರ್ಯದ ಸಂತೋಷವಿಲ್ಲ, ಸೇಡಿಲ್ಲ, ಅಸೂಯೆಯಿಲ್ಲ. ಅವನು ಕೊಲ್ಲುತ್ತಾನೆ, ಅಷ್ಟೆ.

ಇದಕ್ಕೆ ಕನ್ನಡದಲ್ಲಿ ಒಂದು ಹಳೆಯ ಮಾತುಂಟು: ಜೋಳವಾಳಿ. ಒಡೆಯನ ಜೋಳವನ್ನು ಉಂಡ ಋಣವನ್ನು ಕಾಳಗದಲ್ಲಿ ತೀರಿಸುವುದು ಜೋಳವಾಳಿ. ಹೊತ್ತು ಬಂದಾಗ ಒಡೆಯನೊಡನೆಯೇ ಸಾಯುತ್ತೇನೆಂಬ ನುಡಿ ವೇಳೆವಾಳಿ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲಕ್ಕೆ ಹೋದವರು ಶಿಲ್ಪದ ಸೊಬಗನ್ನು ನೋಡುತ್ತ ಒಂದು ಕಂಬವನ್ನು ದಾಟಿ ಹೋಗಿಬಿಡುತ್ತಾರೆ. ಅದು ಎರಡನೆಯ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನ ಸ್ಮಾರಕ. ದೊರೆ ತೀರಿಕೊಂಡಾಗ ಅವನೂ, ಅವನ ಹೆಂಡತಿಯೂ, ಅವನ ಪರಿವಾರದ ಸಾವಿರ ಯೋಧರೂ ಪ್ರಾಣ ಬಿಟ್ಟರೆಂದು ಶಾಸನ ಹೇಳುತ್ತದೆ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಕೆತ್ತನೆಗಳಿವೆ. ನಮ್ಮಲ್ಲೊಬ್ಬರು ಅದನ್ನು ಮೊದಲು ನೋಡಿದಾಗ ಅಭಿಮಾನ ಬಂದದ್ದೂ ನಿಜ, ಮೈ ನಡುಗಿದ್ದೂ ನಿಜ ಎಂದರು. ಪ್ಲೂಟೊವನ್ನು ಓದುವಾಗ ಆಗುವುದೂ ಹೆಚ್ಚುಕಡಿಮೆ ಅದೇ.

ಆದರೆ ಪ್ಲೂಟೊವಿನ ಧರ್ಮ ಹೊಯ್ಸಳರ ನಾಡಿನದಲ್ಲ. ಅದರ ಬೇರುಗಳು ಅವನ ನಾಡಿನ ಚರಿತ್ರೆಯಲ್ಲಿವೆ. ಆ ಚರಿತ್ರೆ ನಾವು ಊಹಿಸಿದ್ದಕ್ಕಿಂತ ಹೊಸತು. ಸಮುರಾಯಿಯ ಧರ್ಮವೆಂದರೆ ಶತಮಾನಗಳಿಂದ ರಣರಂಗದಲ್ಲಿ ಹದಗೊಂಡ ನಿಯಮಾವಳಿ ಎಂದೇ ನಾವು ತಿಳಿದಿದ್ದೆವು. ಸಾವಿನ ಕುರಿತು ಅತ್ಯಂತ ಖಡಾಖಂಡಿತವಾಗಿ ಮಾತಾಡುವ ‘ಹಗಕುರೆ’ ಎಂಬ ಗ್ರಂಥವನ್ನು ನುಡಿದ ಯಮಮೊಟೊ ತ್ಸುನೆತೊಮೊ ಬದುಕಿದ್ದು ಶಾಂತಿಯ ಕಾಲದಲ್ಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅದನ್ನು ಹೇಳಿಸಿದ ಅವನು ಒಂದೂ ಯುದ್ಧವನ್ನು ಕಂಡವನಲ್ಲ. 1876ರಲ್ಲಿ ಮೇಜಿ ಸರ್ಕಾರ ಸಮುರಾಯಿಗಳ ಸೊಂಟದಿಂದ ಕತ್ತಿಯನ್ನೇ ಬಿಚ್ಚಿಸಿತು. ‘ಬುಶಿದೊ’ ಎಂಬ ಪದವನ್ನು ಜಗತ್ತಿನ ಬಾಯಿಗೆ ತಂದ ನಿತೊಬೆ ಇನಝೊ ತಮ್ಮ ಪುಸ್ತಕವನ್ನು ಬರೆದದ್ದು ಅಮೆರಿಕದಲ್ಲಿ, ಇಂಗ್ಲಿಷಿನಲ್ಲಿ, ಅದೂ ಶಾಂತಿವಾದಿ ಕ್ವೇಕರ್ ಕ್ರೈಸ್ತರಾಗಿ. ಅದು 1900ರ ಹೊತ್ತಿಗೆ ಬಂತು. ಕತ್ತಿ ಹೋದ ಮೇಲೆ ಕತ್ತಿಯ ಧರ್ಮ ಬಂತು ಎಂದರೆ ಅತಿಶಯೋಕ್ತಿಯಾದೀತು, ಆದರೆ ಬಹಳವೇನಲ್ಲ.

ಪುಸ್ತಕದಲ್ಲಿ ಉಳಿದಿದ್ದರೆ ಅದರಿಂದ ಕೇಡಿರಲಿಲ್ಲ. 1882ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಸೈನಿಕರಿಗೆ ಒಂದು ಆದೇಶ ಹೊರಟಿತ್ತು. ಮೇಲಧಿಕಾರಿಯ ಮಾತು ಚಕ್ರವರ್ತಿಯ ಮಾತಿಗೆ ಸಮ ಎಂಬುದು ಅದರ ಸಾರ. ಅದುವರೆಗೆ ಸಣ್ಣದೊಂದು ವರ್ಗದ್ದಾಗಿದ್ದ ಯೋಧನಿಷ್ಠೆಯನ್ನು ಅಲ್ಲಿಂದಾಚೆಗೆ ರೈತನ ಮಗ, ಕ್ಷೌರಿಕನ ಮಗ, ಅಂಗಡಿಯವನ ಮಗ ಎಲ್ಲರೂ ಬಾಯಿಪಾಠ ಮಾಡಬೇಕಾಯಿತು. 1941ರ ಜನವರಿಯಲ್ಲಿ ತೊಜೊ ಹಿದೆಕಿಯ ಹೆಸರಿನಲ್ಲಿ ಬಂದ ರಣಸಂಹಿತೆ ಸೆರೆಯಾಗುವುದನ್ನೇ ಅವಮಾನವೆಂದು ಸಾರಿತು. ಮುಂದಿನ ನಾಲ್ಕು ವರ್ಷ ಪೆಸಿಫಿಕ್ ದ್ವೀಪಗಳಲ್ಲಿ ಏನಾಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಹದಿಹರೆಯದ ಟೆಝುಕಾ ಆಗ ಒಸಾಕಾದ ಒಂದು ಶಸ್ತ್ರಾಗಾರದಲ್ಲಿ ಕಡ್ಡಾಯ ದುಡಿಮೆಯಲ್ಲಿದ್ದರು. 1945ರ ಜೂನ್‌ನ ಬಾಂಬ್ ದಾಳಿಯಲ್ಲಿ ಸುತ್ತಲಿದ್ದವರು ಸತ್ತರು. ಅವರು ಬದುಕಿ ಉಳಿದರು.

ಸೋತ ಜಪಾನಿಗೆ ಬಂದ ಅಮೆರಿಕನ್ ಆಡಳಿತ ಈ ಧರ್ಮವನ್ನು ಬೇರುಸಹಿತ ಕೀಳಲು ಹೊರಟಿತು. ಶಾಲೆಗಳಲ್ಲಿ ಯುದ್ಧಕಲೆಗಳ ಪಾಠ ನಿಂತಿತು. ಒಡೆಯನಿಗಾಗಿ ಸೇಡು ತೀರಿಸಿಕೊಂಡು ಸಾಯುವ ನಲವತ್ತೇಳು ಸಮುರಾಯಿಗಳ ‘ಚೂಶಿಂಗುರ’ ನಾಟಕ ಕಬುಕಿ ರಂಗದಿಂದ 1947ರವರೆಗೆ ಮರೆಯಾಗಿತ್ತು. ಆದರೆ ನಿಷೇಧದಿಂದ ಕಥೆಗಳು ಸಾಯುವುದಿಲ್ಲ. 1952ರ ಏಪ್ರಿಲ್‌ನಲ್ಲಿ ಆ ಆಡಳಿತ ಮುಗಿಯುತ್ತಿದ್ದಂತೆ ಬಾಲಪತ್ರಿಕೆಗಳಲ್ಲಿ ಜೂಡೊ ಪಟುಗಳೂ ಕತ್ತಿವರಸೆಯ ಹುಡುಗರೂ ಮತ್ತೆ ತಲೆಯೆತ್ತಿದರು. ಫುಕುಯಿ ಐಇಚಿಯವರ ಜೂಡೊ ಚಿತ್ರಕಥೆಯ ಯಶಸ್ಸನ್ನು ಕಂಡು ಟೆಝುಕಾ ಹೊಟ್ಟೆಕಿಚ್ಚುಪಟ್ಟದ್ದನ್ನು ಸ್ವತಃ ಒಪ್ಪಿಕೊಂಡಿದ್ದಾರೆ.

ಹೀಗಾಗಿ 1964ರ ಓದುಗ ಹುಡುಗನಿಗೆ ಪ್ಲೂಟೊ ಹೊಸಬನಾಗಿರಲಿಲ್ಲ. ಕ್ಯೋಟೊದ ಗೊಜೊ ಸೇತುವೆಯ ಮೇಲೆ ನಿಂತು ದಾರಿಹೋಕ ಯೋಧರಿಂದ ಸಾವಿರ ಕತ್ತಿ ಕಿತ್ತುಕೊಳ್ಳುವ ಪಣ ತೊಟ್ಟು, ಒಂಬೈನೂರ ತೊಂಬತ್ತೊಂಬತ್ತನ್ನು ಗಳಿಸಿ, ಸಾವಿರದನೆಯದಕ್ಕೆ ಪುಟ್ಟ ಬಾಲಕ ಉಶಿವಕನಿಗೆ ಸೋತ ದೈತ್ಯ ಭಿಕ್ಷು ಬೆಂಕೆಯ ಕಥೆಯನ್ನು ಅಲ್ಲಿನ ಮಕ್ಕಳೆಲ್ಲ ಕೇಳಿರುತ್ತಾರೆ. ಪಟ್ಟಿ ಹಿಡಿದ ಭಾರೀ ಯೋಧ, ಕೊನೆಯ ಹೆಸರಾಗಿ ಒಬ್ಬ ಪುಟ್ಟ ಹುಡುಗ. ಟೆಝುಕಾ ಬೆಂಕೆಯನ್ನು ಉಕ್ಕಿನಲ್ಲಿ ಎರಕ ಹೊಯ್ದಿದ್ದಾರೆ ಎಂಬುದು ನಮ್ಮ ಅನಿಸಿಕೆ. ಹೆಸರಿನಲ್ಲಿ ಮಾತ್ರ ಬೇರೊಂದು ಕಾಲ ಇಣುಕುತ್ತದೆ. ಅತೊಮು ಎಂದರೆ ಪರಮಾಣು. ತಂಗಿಯ ಹೆಸರಿನಲ್ಲಿ ಯುರೇನಿಯಂ ಇದೆ, ಎದುರಾಳಿಯ ಹೆಸರಿನಲ್ಲಿ ಪ್ಲುಟೋನಿಯಂ. ಒಂದು ಹಿರೋಶಿಮಾದ ಮೇಲೆ ಬಿದ್ದದ್ದು, ಇನ್ನೊಂದು ನಾಗಸಾಕಿಯ ಮೇಲೆ.

ಇನ್ನು ಆ ವರ್ಷದ ಸಂಗತಿ. 1964ರ ಅಕ್ಟೋಬರ್ 10ರಂದು ಟೋಕಿಯೊ ಒಲಿಂಪಿಕ್ಸ್ ಆರಂಭವಾಯಿತು. ಅಣುಬಾಂಬ್ ಬಿದ್ದ ದಿನವೇ ಹಿರೋಶಿಮಾ ಪ್ರಾಂತ್ಯದಲ್ಲಿ ಹುಟ್ಟಿದ್ದ ಸಕಾಯಿ ಯೊಶಿನೊರಿ ಎಂಬ ಯುವಕ ಜ್ಯೋತಿಯನ್ನು ಬೆಳಗಿಸಿದ. ಏಳು ದೇಶಗಳ ಬಲಿಷ್ಠರಲ್ಲಿ ಯಾರು ಹೆಚ್ಚೆಂಬ ಕಥೆ ಪತ್ರಿಕೆಯಲ್ಲಿ ಓಡುತ್ತಿದ್ದಾಗಲೇ ಅದೇ ಪ್ರಶ್ನೆ ಮೈದಾನದಲ್ಲೂ ಓಡುತ್ತಿತ್ತು. ಆ ವರ್ಷ ಜೂಡೊ ಮೊದಲ ಬಾರಿ ಒಲಿಂಪಿಕ್ಸ್‌ಗೆ ಸೇರಿತ್ತು. ಅದಕ್ಕೆಂದೇ ಬುಡೊಕಾನ್ ಎಂಬ ಭವನ ಎದ್ದಿತ್ತು. ಅಕ್ಟೋಬರ್ 23ರಂದು, ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಪಂದ್ಯದಲ್ಲಿ, ಹಾಲೆಂಡಿನ ಆಜಾನುಬಾಹು ಆಂಟನ್ ಗೇಸಿಂಕ್ ಜಪಾನಿನ ಕಮಿನಾಗ ಅಕಿಯೊ ಅವರನ್ನು ನೆಲಕ್ಕೆ ಒತ್ತಿ ಹಿಡಿದು ಗೆದ್ದರು. ಡಚ್ ಅಭಿಮಾನಿಗಳು ಸಂಭ್ರಮದಿಂದ ಅಂಕಣಕ್ಕೆ ನುಗ್ಗಲು ಬಂದಾಗ ಗೇಸಿಂಕ್ ಕೈಯೆತ್ತಿ ಅವರನ್ನು ತಡೆದರು. ಮೊದಲು ಸೋತವನಿಗೆ ವಂದನೆ, ಆಮೇಲೆ ಗೆಲುವು. ಭವನದಲ್ಲಿದ್ದ ಜಪಾನೀಯರು ಸೋಲಿನಷ್ಟೇ ಆ ಎತ್ತಿದ ಕೈಯನ್ನೂ ಮರೆಯಲಿಲ್ಲ. ಯುದ್ಧಧರ್ಮದಲ್ಲಿ ಉಳಿಸಿಕೊಳ್ಳತಕ್ಕದ್ದು ಏನಾದರೂ ಇದ್ದರೆ ಅದು ಆ ಒಂದು ಕೈಸನ್ನೆಯಲ್ಲಿತ್ತು.

ಉಳಿದ ಅರ್ಧ, ಅಂದರೆ ಆಜ್ಞಾಪಾಲನೆ, ಬೇರೆ ಕಡೆ ವಿಚಾರಣೆಗೆ ಒಳಗಾಗಿತ್ತು. 1958ರಲ್ಲಿ ಜಪಾನೀ ದೂರದರ್ಶನದಲ್ಲಿ ‘ನಾನು ಕಪ್ಪೆಚಿಪ್ಪಾಗಬೇಕು’ ಎಂಬ ನಾಟಕವೊಂದು ಪ್ರಸಾರವಾಯಿತು. ಹಳ್ಳಿಯ ಬಡ ಕ್ಷೌರಿಕನೊಬ್ಬ ಸೈನ್ಯಕ್ಕೆ ಸೇರಿಸಲ್ಪಟ್ಟು, ಸೆರೆಸಿಕ್ಕ ವೈಮಾನಿಕನನ್ನು ಇರಿಯುವಂತೆ ಆಜ್ಞೆ ಪಡೆದು, ಯುದ್ಧ ಮುಗಿದ ಮೇಲೆ ಯುದ್ಧಾಪರಾಧಿಯೆಂದು ಗಲ್ಲಿಗೇರುವ ಕಥೆ. ಮತ್ತೆ ಮನುಷ್ಯನಾಗಿ ಹುಟ್ಟುವುದು ಬೇಡ, ಆಳವಾದ ಕಡಲ ತಳದ ಚಿಪ್ಪಾದರೆ ಸಾಕು ಎಂಬುದು ಅವನ ಕೊನೆಯ ಬಯಕೆ. ಮೂರು ವರ್ಷದ ಬಳಿಕ ಜೆರುಸಲೇಮಿನ ನ್ಯಾಯಾಲಯದಲ್ಲಿ ಐಕ್‌ಮನ್ ಕೂಡ ತಾನು ಆಜ್ಞೆಯನ್ನಷ್ಟೇ ಪಾಲಿಸಿದೆನೆಂದು ವಾದಿಸಿದ. ಕ್ಷೌರಿಕನನ್ನೂ ಐಕ್‌ಮನ್‌ನನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಆದರೆ ಇಬ್ಬರೂ ಹೇಳುವ ವಾಕ್ಯ ಒಂದೇ. ಪ್ಲೂಟೊ ಹೇಳುವುದೂ ಅದನ್ನೇ.

ಇಲ್ಲಿ ನಮ್ಮ ಬಳಗ ಎರಡಾಯಿತು. ಕೆಲವರು, ರನ್ನನ ದುರ್ಯೋಧನನಲ್ಲಿರುವ ಗಾಂಭೀರ್ಯವನ್ನು ಪ್ಲೂಟೊವಿನಲ್ಲಿ ಕಂಡರು. ಅದನ್ನು ನಾವು ಪೂರ್ತಿ ಒಪ್ಪಲಾರೆವು. ದುರ್ಯೋಧನನಿಗೆ ಛಲ ತನ್ನದು, ಸೋಲೂ ತನ್ನದು. ಪ್ಲೂಟೊವಿನ ಛಲ ಬೇರೊಬ್ಬನಿಂದ ಕಡ ತಂದದ್ದು. ಅವನು ಯಾರನ್ನು ಕೊಲ್ಲುವುದಿಲ್ಲ ಎಂಬುದನ್ನು ನೋಡಿ ನಾವು ಮೆಚ್ಚುತ್ತೇವೆ. ಯಾರನ್ನು ಕೊಂದನೆಂಬುದನ್ನು ಆ ಮೆಚ್ಚುಗೆಯಲ್ಲಿ ಮರೆಯುತ್ತೇವೆ. ಪಟ್ಟಿಯಲ್ಲಿದ್ದವರು ಅವನಿಗೆ ಮಾಡಿದ ಕೇಡಾದರೂ ಏನು? ನಿಯಮ ಪಾಲಿಸುವ ಕೊಲೆಗಾರ ನಿಯಮವಿಲ್ಲದವನಿಗಿಂತ ಮೇಲು, ಸರಿ. ಆದರೆ ನಿಯಮವಿರುವುದರಿಂದಲೇ ಅವನನ್ನು ಕೆಲಸಕ್ಕಿಟ್ಟುಕೊಳ್ಳುವುದು ಸುಲ್ತಾನನಿಗೆ ಸುಲಭವಾಗುತ್ತದೆ.

ಟೆಝುಕಾ ಈ ತೊಡಕನ್ನು ಅರಿತಿದ್ದರು. ಪ್ಲೂಟೊವಿಗೆ ಸರಿಸಾಟಿಯಾಗಲು ಅತೊಮು ತನ್ನ ಶಕ್ತಿಯನ್ನೂ ಹತ್ತು ಲಕ್ಷಕ್ಕೆ ಏರಿಸಿಕೊಳ್ಳಲು ಬಯಸುತ್ತಾನೆ. ಪ್ರೊಫೆಸರ್ ಒಚನೊಮಿಝು ಒಪ್ಪುವುದಿಲ್ಲ. ಅಶ್ವಶಕ್ತಿ ಹೆಚ್ಚಿದ ಮಾತ್ರಕ್ಕೆ ಶ್ರೇಷ್ಠನಾಗುವುದಿಲ್ಲವೆಂಬುದು ಅವರ ನಿಲುವು. ಅತೊಮು ತನ್ನನ್ನು ಮಾರಿದ ತೆನ್ಮಾನ ಬಳಿಗೇ ಹೋಗಿ ಶಕ್ತಿಯನ್ನು ಏರಿಸಿಕೊಂಡು ಬರುತ್ತಾನೆ. ಶಸ್ತ್ರಸ್ಪರ್ಧೆಯ ಕಾಲದಲ್ಲಿ ಬರೆದ ಪುಟಗಳಿವು. ಕಥಾನಾಯಕನನ್ನೇ ಆ ಸ್ಪರ್ಧೆಗೆ ಇಳಿಸಿದ್ದು ಲೇಖಕರ ಪ್ರಾಮಾಣಿಕತೆ.

ಕೊನೆಯ ಕಾಳಗ ಕ್ಯೂಶು ದ್ವೀಪದ ಅಸೊ ಅಗ್ನಿಪರ್ವತದ ಬಳಿ. ಇಬ್ಬರೂ ಸಮಬಲರು. ಅಷ್ಟರಲ್ಲಿ ಪರ್ವತ ಬಾಯಿ ತೆರೆಯುತ್ತದೆ. ಕೆಳಗಿನ ಊರುಗಳು ಅಪಾಯಕ್ಕೆ ಸಿಲುಕುತ್ತವೆ. ಅತೊಮು ಕಾಳಗವನ್ನು ಬಿಟ್ಟು ಜನರನ್ನು ಉಳಿಸಲು ಧಾವಿಸುತ್ತಾನೆ, ಪ್ಲೂಟೊವಿನ ನೆರವನ್ನೂ ಕೇಳುತ್ತಾನೆ. ಪ್ಲೂಟೊ ಕೈಗೂಡಿಸುತ್ತಾನೆ. ಆಜ್ಞೆಯಿಲ್ಲದೆ ಅವನು ಮಾಡಿದ ಕೆಲಸ ಇದು. ಆಮೇಲೆ ಅವನಿಗೆ ಕಾದುವ ಮನಸ್ಸೇ ಇಲ್ಲ. ಅಷ್ಟರಲ್ಲಿ ಅವನಿಗಿಂತಲೂ ಬಲಿಷ್ಠವಾದ ಬೋರಾ ಎಂಬ ಯಂತ್ರ ಬರುತ್ತದೆ. ಪ್ಲೂಟೊ ಅದನ್ನು ತಬ್ಬಿ ಹಿಡಿದು ತನ್ನೊಡನೆ ಸಿಡಿಸಿಬಿಡುತ್ತಾನೆ. ಬೋರಾವನ್ನು ಮಾಡಿದ ಗೋಜಿಯೂ ಪ್ಲೂಟೊವನ್ನು ಮಾಡಿದ ಅಬುಲ್ಲಾನೂ ಒಬ್ಬನೇ, ಅದೂ ಸುಲ್ತಾನನ ಸೇವಕ ರೋಬೋ ಎಂದು ಬಯಲಾಗುತ್ತದೆ. ಒಡೆಯನಿಗೆ ಬುದ್ಧಿ ಕಲಿಸಲು ಅವನು ಹೂಡಿದ ಪಾಠವಂತೆ ಅದೆಲ್ಲ! ಏಳರಲ್ಲಿ ಆರು ಜೀವ ತೆತ್ತ ಪಾಠ. ಇದು ಕಥೆಯ ದುರ್ಬಲ ಭಾಗ. ಮುಗಿಸುವ ಅವಸರ ಅಲ್ಲಿ ಕಾಣುತ್ತದೆ. ಸುಲ್ತಾನನ ಚಿತ್ರಣವೂ ಅಂದಿನ ಸಿನಿಮಾಗಳ ಅರಬ್ ದೊರೆಯ ಅಗ್ಗದ ಅಣಕವೇ. ಪೂರ್ವದೇಶದವನೊಬ್ಬ ಇನ್ನೊಂದು ಪೂರ್ವದೇಶವನ್ನು ಹಾಲಿವುಡ್ಡಿನ ಕಣ್ಣಿನಿಂದ ನೋಡುವ ಈ ಚಾಳಿ ನಮ್ಮ ಚಿತ್ರಕಥೆಗಳಲ್ಲೂ ಕಡಿಮೆಯೇನಿರಲಿಲ್ಲ.

ಆ ಕಥೆಯನ್ನು ಐದಾರು ವರ್ಷದವನಿದ್ದಾಗ ಓದಿ ಕಲಕಿಹೋದ ಹುಡುಗನೊಬ್ಬನಿದ್ದ. 1960ರಲ್ಲಿ ಹುಟ್ಟಿದ ಉರಸಾವ ನಓಕಿ. ಮುಂದೆ ತಾನೇ ದೊಡ್ಡ ಚಿತ್ರಕಥೆಗಾರನಾಗಿ, 2003ರಿಂದ 2009ರವರೆಗೆ, ನಾಗಸಾಕಿ ತಕಾಶಿಯವರೊಡಗೂಡಿ, ಅದನ್ನು ‘ಪ್ಲೂಟೊ’ ಎಂಬ ಹೆಸರಿನಲ್ಲಿ ಎಂಟು ಸಂಪುಟಗಳಾಗಿ ಮರಳಿ ಬರೆದರು. ಟೆಝುಕಾರ ಮಗ ಅದರ ಮೇಲ್ವಿಚಾರಣೆ ಮಾಡಿದರು. 2023ರಲ್ಲಿ ಅದು ನೆಟ್‌ಫ್ಲಿಕ್ಸ್‌ನಲ್ಲಿ ಚಲಿಸುವ ಚಿತ್ರವಾಗಿ ಬಂತು. ನಮ್ಮ ಮಕ್ಕಳ ಪೀಳಿಗೆ ಪ್ಲೂಟೊವನ್ನು ಬಲ್ಲುದು ಹೆಚ್ಚಾಗಿ ಅಲ್ಲಿಂದ. ಇರಾಕ್ ಯುದ್ಧದ ನೆರಳು ಅದರ ಉದ್ದಕ್ಕೂ ಇದೆ. ಪರ್ಷಿಯಾ ಎಂಬ ರಾಜ್ಯದಲ್ಲಿ ಸಾಮೂಹಿಕ ವಿನಾಶದ ರೋಬೋಗಳಿವೆಯೆಂದು ತಪಾಸಣಾ ಮಂಡಳಿ ಹೋಗುತ್ತದೆ, ಏನೂ ಸಿಗುವುದಿಲ್ಲ, ಆದರೂ ಯುದ್ಧವಾಗುತ್ತದೆ. ಏಳು ಬಲಿಷ್ಠರೆಲ್ಲ ಒಂದಲ್ಲ ಒಂದು ರೀತಿ ಆ ಯುದ್ಧದ ಸುಳಿಗೆ ಸಿಕ್ಕವರೇ. ನಾರ್ತ್ ನಂಬರ್ 2 ಆ ನೆನಪಿನಿಂದ ತಪ್ಪಿಸಿಕೊಳ್ಳಲು ಸ್ಕಾಟ್ಲೆಂಡಿನ ಅಂಧ ಸಂಗೀತಕಾರನ ಮನೆಯಲ್ಲಿ ಆಳಾಗಿ ನಿಂತು ಪಿಯಾನೊ ಕಲಿಯಬಯಸುತ್ತಾನೆ. ಇನ್ನು ರಣರಂಗಕ್ಕೆ ಹೋಗಲಾರೆನೆಂಬುದೊಂದೇ ಅವನ ಬೇಡಿಕೆ. ಬೆಳಕಿನಿಂದ ಬಲ ಪಡೆಯುವ ಎಪ್ಸಿಲಾನ್ ಮಾತ್ರ ಯುದ್ಧಕ್ಕೆ ಬರುವುದಿಲ್ಲವೆಂದು ಆರಂಭದಲ್ಲೇ ಹೇಳಿದವನು. ಅದಕ್ಕಾಗಿ ಹೇಡಿಯೆನ್ನಿಸಿಕೊಂಡು, ಯುದ್ಧದ ಅನಾಥ ಮಕ್ಕಳನ್ನು ಸಾಕುತ್ತಾನೆ. ಅವನ ಸಾವಿನ ಹೊತ್ತಿನಲ್ಲಿ ಅವನ ಎರಡು ಕೈಗಳು ಮಾತ್ರ ಒಂದು ಮಗುವನ್ನು ಬಚ್ಚಿಟ್ಟುಕೊಂಡು ಉಳಿಯುತ್ತವೆ.

ಪ್ಲೂಟೊ ಯಾರೆಂಬುದನ್ನೂ ಉರಸಾವ ಬದಲಿಸಿದರು. ಕೊಂಬಿನ ದೇಹದೊಳಗೆ ಇರುವವನು ಸಹದ್ ಎಂಬ ಪರ್ಷಿಯಾದ ಯಂತ್ರಯುವಕ. ಹಾಲೆಂಡಿಗೆ ಹೋಗಿ ಗಿಡಗಳ ಬಗೆಗೆ ಓದಿ, ತನ್ನ ಮರಳುಗಾಡನ್ನು ಹೂವಿನಿಂದ ತುಂಬಿಸುವ ಕನಸು ಕಂಡವನು. ಯುದ್ಧ ಅವನ ನಾಡನ್ನು ಸುಟ್ಟಿತು. ತಂದೆಯ ದ್ವೇಷ ಅವನಿಗೆ ಕೊಂಬು ಮೂಡಿಸಿತು. ಅವನು ತಳಿಯೆಬ್ಬಿಸಿದ ಒಂದು ಟ್ಯುಲಿಪ್ ಹೂವಿಗೆ ಅವನೇ ಇಟ್ಟಿದ್ದ ಹೆಸರು ಪ್ಲೂಟೊ.

ಈ ಬದಲಾವಣೆಯನ್ನು ನಾವು ಮೆಚ್ಚಿದೆವು, ಆದರೆ ನಿವೃತ್ತ ಅಜ್ಜ ಮೆಚ್ಚಲಿಲ್ಲ. ಎರಡೂ ಪುಸ್ತಕಗಳನ್ನು ಅವರು ಮೊಮ್ಮಗಳ ನೆರವಿನಿಂದ ಓದಿ ಮುಗಿಸಿದ್ದರು. ಸಹದ್‌ಗೆ ಕಾರಣವಿದೆ, ದುಃಖವಿದೆ. ಅವನನ್ನು ಕ್ಷಮಿಸುವುದು ಸುಲಭ ಎಂಬುದು ಅವರ ತಕರಾರು. ಟೆಝುಕಾರ ಪ್ಲೂಟೊವಿಗೆ ಕಾರಣವೇ ಇಲ್ಲ, ಬರಿಯ ಕೆಲಸವಿದೆ. “ಕಾರಣ ಇದ್ದು ಬಂದೂಕು ಹಿಡಿದವರು ಕಡಿಮೆ ಕಣ್ರಿ. ಕೆಲಸ ಅಂತ ಹಿಡಿದವರೇ ಹೆಚ್ಚು” ಎಂದರು. ಯಾವ ಗಡಿಯಲ್ಲಿ, ಯಾವ ವರ್ಷ, ಏನನ್ನು ನೆನೆದು ಆ ಮಾತು ಆಡಿದರೆಂದು ನಾವು ಕೇಳಲಿಲ್ಲ. ಕೇಳಬೇಕಿತ್ತೇನೋ ಎಂದು ನಮ್ಮಲ್ಲಿ ಇಬ್ಬರು ಹಿಂದಿರುಗುವ ಲೋಕಲ್ ರೈಲಿನಲ್ಲಿ ಮಾತಾಡಿಕೊಂಡರು.

ಮುಂದಿನ ತಿಂಗಳ ಕೂಟಕ್ಕೆ ಅವರು ಬರುವಾಗ ಹುಡುಗಿ ಒಂದು ಚಿತ್ರವನ್ನು ಬಿಡಿಸಿ ತಂದಿದ್ದಳು. ಅಸೊ ಪರ್ವತದ ಬೆಂಕಿಯ ಎದುರು ಇಬ್ಬರೂ ಬಂಡೆಯೊಂದನ್ನು ತಳ್ಳುತ್ತಿದ್ದಾರೆ. ಪ್ಲೂಟೊವಿನ ಕೊಂಬುಗಳಿಗೆ ಅವಳು ಬಣ್ಣ ಹಚ್ಚಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಕಪ್ಪು ಬಣ್ಣ ಮುಗಿದುಹೋಗಿತ್ತು ಎಂದಳು.